ನಿಮ್ಮ ಮನೆಯ ಸೊಳ್ಳೆ ಯಾವ ಜ್ವರ ಹರಡಬಲ್ಲದು? ತೊಟ್ಟಿ ನೋಡಿ ತಿಳಿಯುವ, ತಡೆಯುವ ಬಗೆ

ಲಾರ್ವಾ, ಅಂದರೆ ನೀರಿನಲ್ಲಿರುವ ಸೊಳ್ಳೆಯ ಮರಿಹುಳ ಹುಡುಕುವ ಸರ್ವೆಗೆ ಹೊರಟಾಗ ನನ್ನ ಚೀಲದಲ್ಲಿ ಒಂದು ಟಾರ್ಚು, ಒಂದು ಸೌಟು, ಒಂದು ಬಿಳಿ ತಟ್ಟೆ ಇರುತ್ತವೆ. ಹಿರಿಯೂರು ತಾಲ್ಲೂಕಿನ ನಮ್ಮ ಊರಲ್ಲಿ ಆಶಾ ಕಾರ್ಯಕರ್ತೆಯಾಗಿ ಮನೆ ಮನೆ ತಿರುಗಲು ಶುರು ಮಾಡಿ ಹದಿನೈದು ವರ್ಷದ ಮೇಲಾಯಿತು. ಈ ಕೆಲಸದಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಒಂದಿದೆ. ಮೊದಲ ಸಲ ಕೇಳಿದ್ದು ಎದುರು ಮನೆ ಅಜ್ಜಿಯ ಬಾಯಲ್ಲಿ.

"ಅಲ್ಲವ್ವಾ, ಹೊರಗೆ ಚರಂಡಿ ಗಬ್ಬು ನಾರ್ತೈತೆ. ಅದನ್ನ ಬಿಟ್ಟು ನಾನು ತೊಳೆದಿಟ್ಟಿರೋ ತೊಟ್ಟಿಗೆ ಯಾಕೆ ಬಗ್ಗಿ ನೋಡ್ತೀಯ?"

ಅಜ್ಜಿ ಕೇಳಿದ್ದರಲ್ಲಿ ತಪ್ಪಿಲ್ಲ. ಸೊಳ್ಳೆ ಅಂದರೆ ಕೊಳಚೆ ಅಂತಲೇ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಆದರೆ ಡೆಂಗಿ, ಚಿಕುನ್‌ಗುನ್ಯಾ ಹರಡುವ ಸೊಳ್ಳೆಗೆ ಚರಂಡಿ ಬೇಡ. ಅದಕ್ಕೆ ಬೇಕಿರುವುದು ಅಜ್ಜಿಯ ತೊಟ್ಟಿಯಂಥದ್ದೇ. ನೆರಳಲ್ಲಿರುವ, ಅಲುಗಾಡದ, ತಿಳಿ ನೀರು. ಇದೊಂದು ವಿಷಯ ಮನಸ್ಸಿಗೆ ಬಂದರೆ ಮುಂದಿನ ಕೆಲಸವೆಲ್ಲ ಸುಲಭ. ಹಾಗಾಗಿ ಸೊಳ್ಳೆಯನ್ನು ಹೇಗೆ ಗುರುತಿಸಬೇಕು, ಅದಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ, ಮನೆಯಲ್ಲಿ ನಾವು ಏನು ಮಾಡಬೇಕು ಅನ್ನುವುದನ್ನು ನಾನು ಮನೆಗಳಲ್ಲಿ ಹೇಳುವ ರೀತಿಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

2006ರ ಚಿಕುನ್‌ಗುನ್ಯಾ ನಿಮಗೆ ನೆನಪಿರಬಹುದು. ನಾನು ಆಗ ಮದುವೆಯಾಗಿ ಈ ಊರಿಗೆ ಬಂದ ಹೊಸದು. ನಮ್ಮ ಮನೆಯಲ್ಲಿ ಐದು ಜನ, ಐದೂ ಜನ ಮಲಗಿದ್ದೆವು. ಅತ್ತೆ ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು. ನನ್ನ ಬೆರಳುಗಳು ಮಡಚುತ್ತಿರಲಿಲ್ಲ, ಮುದ್ದೆ ಕೋಲು ಹಿಡಿಯಲು ಆಗದೆ ಎಷ್ಟೋ ದಿನ ಬರೀ ಗಂಜಿ ಕಾಯಿಸಿದೆ. ಹೆಸರಲ್ಲಿ 'ಚಿಕನ್' ಇದೆ ಅಂತ ಊರಲ್ಲಿ ಜನ ಕೋಳಿ ತಿನ್ನುವುದನ್ನೇ ಬಿಟ್ಟರು. ಆ ಹೆಸರಿಗೂ ಕೋಳಿಗೂ ಸಂಬಂಧವಿಲ್ಲ. 1952ರಲ್ಲಿ ಈ ಜ್ವರವನ್ನು ಮೊದಲು ಗುರುತಿಸಿದ್ದು ಈಗಿನ ತಾಂಜಾನಿಯಾದಲ್ಲಿ. ಅಲ್ಲಿನ ಮಕೊಂಡೆ ಭಾಷೆಯಲ್ಲಿ ಅದರ ಅರ್ಥ 'ಬಾಗಿ ಹೋಗುವುದು'. ನಮ್ಮ ಅತ್ತೆಯನ್ನು ನೋಡಿಯೇ ಇಟ್ಟ ಹೆಸರೇನೋ ಅನ್ನಿಸುತ್ತದೆ. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಜಾಸ್ತಿ ಜನರಿಗೆ ಬಂತು ಅಂತ ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವರೇ. ನಮ್ಮ ಮನೆಯ ಮೆಟ್ಟಿಲ ಕೆಳಗೆ ಆಗ ಎರಡು ಡ್ರಮ್ಮು, ಹಿತ್ತಲಲ್ಲಿ ಒಂದು ಸಿಮೆಂಟು ತೊಟ್ಟಿ ಇದ್ದವು. ತುಂಬಿದ ಮೇಲೆ ತುಂಬುತ್ತಿದ್ದೆವೇ ಹೊರತು ತಳ ಕಾಣುವವರೆಗೆ ಖಾಲಿ ಮಾಡಿದ್ದು ನೆನಪಿಲ್ಲ. ಕಾರ್ಯಕರ್ತೆಯಾಗಿ ತರಬೇತಿಗೆ ಹೋದ ಮೇಲೆಯೇ ನನಗೆ ತಿಳಿದದ್ದು, ನಮ್ಮನ್ನು ಮಲಗಿಸಿದ ಸೊಳ್ಳೆ ಬಹುಶಃ ಆ ಮೆಟ್ಟಿಲ ಕೆಳಗೇ ಹುಟ್ಟಿತ್ತು ಅಂತ.

ಎಲ್ಲ ಸೊಳ್ಳೆಗೂ ಎಲ್ಲ ರೋಗ ಹರಡಲು ಬರುವುದಿಲ್ಲ

ಸೊಳ್ಳೆ ಅಂದರೆ ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದ ಹಾಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಜ್ವರ ಬಂದವರ ರಕ್ತ ಕುಡಿದಾಗ ವೈರಸ್ ಸೊಳ್ಳೆಯ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಅದು ಜೀರ್ಣವಾಗದೆ ಉಳಿಯಬೇಕು. ಹೊಟ್ಟೆಯ ಒಳಗೋಡೆಯನ್ನು ಹೊಕ್ಕು ಅಲ್ಲಿ ಬೆಳೆಯಬೇಕು. ಆ ಗೋಡೆ ದಾಟಿ ಮೈಯೆಲ್ಲ ಹರಡಬೇಕು. ಕೊನೆಗೆ ಎಂಜಲು ಹುಟ್ಟುವ ಗ್ರಂಥಿಗೆ ಬರಬೇಕು. ಸೊಳ್ಳೆ ಕಚ್ಚುವಾಗ ರಕ್ತ ಹೆಪ್ಪುಗಟ್ಟದಿರಲಿ ಅಂತ ಮೊದಲು ತನ್ನ ಎಂಜಲನ್ನು ನಮ್ಮ ಚರ್ಮದೊಳಗೆ ಬಿಡುತ್ತದೆ. ವೈರಸ್ ನಮಗೆ ಬರುವುದು ಆ ಎಂಜಲಿನ ಜೊತೆ.

ಡೆಂಗಿ ವೈರಸ್ಸಿಗೆ ಈ ಪ್ರಯಾಣ ಮುಗಿಸಲು ನಮ್ಮ ಕಡೆಯ ಹವೆಯಲ್ಲಿ ಸುಮಾರು 8ರಿಂದ 12 ದಿನ ಬೇಕು. ಅಲ್ಲಿಯವರೆಗೆ ಆ ಸೊಳ್ಳೆ ಕಚ್ಚಿದರೂ ಡೆಂಗಿ ಬರುವುದಿಲ್ಲ. ಒಂದು ಸಲ ಎಂಜಲಿಗೆ ವೈರಸ್ ಬಂತು ಅಂದರೆ ಮಾತ್ರ ಅದು ಸಾಯುವವರೆಗೂ ಹರಡುತ್ತಲೇ ಇರುತ್ತದೆ. ಸೊಳ್ಳೆಯ ಆಯುಸ್ಸೇ ಎರಡು, ಮೂರು ವಾರ, ಜಾಸ್ತಿ ಅಂದರೆ ತಿಂಗಳು. ಎಷ್ಟೋ ಸೊಳ್ಳೆಗಳು ಅದಕ್ಕೂ ಮೊದಲೇ ಹಲ್ಲಿ, ಜೇಡದ ಬಾಯಿಗೆ ಹೋಗುತ್ತವೆ. ಆದ್ದರಿಂದ ನಾನು ಮನೆಗಳಲ್ಲಿ ಹೇಳುವುದು, ಜ್ವರ ತರುವುದು ಹತ್ತು ದಿನ ದಾಟಿದ ಮುದಿ ಸೊಳ್ಳೆ. ಅದಕ್ಕೆ ಆ ಹತ್ತು ದಿನ ಸಿಗದ ಹಾಗೆ ನೋಡಿಕೊಳ್ಳಿ. ಚಿಕುನ್‌ಗುನ್ಯಾ ವೈರಸ್ಸಿಗೆ ಇಷ್ಟು ಕಾಯುವ ಕೆಲಸವಿಲ್ಲ, ಕೆಲವೇ ದಿನದಲ್ಲಿ ತಯಾರಾಗುತ್ತದೆ. ಊರಿಗೆ ಊರೇ ಒಂದೇ ಸಲ ಮಲಗಿದ್ದರ ಹಿಂದೆ ಇದೂ ಒಂದು ಕಾರಣ.

"ಹಾಗಾದರೆ ಸೊಳ್ಳೆಯಿಂದ ಏಡ್ಸ್ ಬರುತ್ತಾ?" ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಪ್ರಶ್ನೆ ಬಾರದ ವರ್ಷವಿಲ್ಲ. ಬರುವುದಿಲ್ಲ. ಎಚ್‌ಐವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯಲಾರದು, ಊಟದ ಜೊತೆ ಜೀರ್ಣವಾಗಿ ಹೋಗುತ್ತದೆ. ರಾತ್ರಿ ಕಿವಿಯ ಹತ್ತಿರ ಗುಂಯ್ ಅನ್ನುವ ಚರಂಡಿ ಸೊಳ್ಳೆಯ ಹೊಟ್ಟೆಯೊಳಗೆ ಡೆಂಗಿ ವೈರಸ್ಸಿನ ಕಥೆಯೂ ಅಷ್ಟೇ. ಅದು ಎಂಜಲಿನವರೆಗೆ ಬರಲಾರದು.

ಇನ್ನು ಇದಕ್ಕೆ ತಿರುವುಮುರುವು. ಹಳದಿ ಜ್ವರ ಅಂತ ಒಂದಿದೆ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿ. ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ತೊಟ್ಟಿಯಲ್ಲೇ ಇದೆ, ಆದರೆ ಆ ವೈರಸ್ ನಮ್ಮ ದೇಶಕ್ಕೆ ಬಂದು ನೆಲೆಸಿಲ್ಲ. ಆ ದೇಶಗಳಿಂದ ಬರುವವರಿಗೆ ವಿಮಾನ ನಿಲ್ದಾಣದಲ್ಲೇ ಲಸಿಕೆಯ ಕಾರ್ಡು ಕೇಳುವುದು ಅದಕ್ಕೇ. ಅದೇ ಸೊಳ್ಳೆ ಹರಡುವ ಝೀಕಾ ಅನ್ನುವ ವೈರಸ್ ಹಾಗೆ ಹೊರಗೆ ಉಳಿಯಲಿಲ್ಲ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಯಲ್ಲಿ ನಮ್ಮ ರಾಜ್ಯದ ಮೊದಲ ಪ್ರಕರಣ ಕಂಡಿತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲೇ ಆ ವೈರಸ್ ಸಿಕ್ಕಿತು. ಬಸುರಿಯರಿಗೆ ಬಂದರೆ ಹೊಟ್ಟೆಯ ಮಗುವಿನ ಮಿದುಳಿಗೆ ಪೆಟ್ಟು ಬೀಳುವ ಭಯ ಝೀಕಾದಲ್ಲಿದೆ. ಹಾಗಾಗಿ ಮನೆಯಲ್ಲಿ ಬಸುರಿ ಇದ್ದರೆ ನಾನು ಆ ಮನೆಗೆ ಎರಡು ಸಲ ಹೋಗಿ ನೋಡುತ್ತೇನೆ.

ವೈರಸ್ಸೂ ಸುಮ್ಮನೆ ಕೂರುವುದಿಲ್ಲ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರು ಜನರಲ್ಲಿ ಒಬ್ಬರಿಗೆ ಚಿಕುನ್‌ಗುನ್ಯಾ ಬಂತು. ಈ ಜ್ವರ ಹರಡುವ ಸೊಳ್ಳೆಯಲ್ಲಿ ಎರಡು ಜಾತಿ, ಮನೆಯದ್ದು ಮತ್ತು ತೋಟದ್ದು. ಅಲ್ಲಿ ಜಾಸ್ತಿ ಇದ್ದದ್ದು ತೋಟದ ಸೊಳ್ಳೆ, ಮನೆಯ ಸೊಳ್ಳೆಯಲ್ಲ. ವೈರಸ್ಸಿನ ಹೊರಕವಚದ ಒಂದೇ ಒಂದು ಕಡೆ ಸಣ್ಣ ಬದಲಾವಣೆಯಾಗಿ, ತೋಟದ ಸೊಳ್ಳೆಯ ಹೊಟ್ಟೆಯಲ್ಲಿ ಅದು ಮೊದಲಿಗಿಂತ ಚೆನ್ನಾಗಿ ಬೆಳೆಯಲು ಕಲಿತಿತ್ತು. ಮರುವರ್ಷ, 2007ರಲ್ಲಿ, ಕೇರಳದ ರಬ್ಬರ್ ತೋಟದ ಸೀಮೆಯಲ್ಲೂ ಅದೇ ಬದಲಾದ ವೈರಸ್ ಕಂಡಿತು. ರಬ್ಬರ್ ಹಾಲು ಹಿಡಿಯುವ ಚಿಪ್ಪಿನಲ್ಲಿ ಮಳೆ ನೀರು ನಿಂತು ಹುಟ್ಟಿದ ಸೊಳ್ಳೆಗಳು. ಕರಾವಳಿ, ಮಲೆನಾಡಿನಲ್ಲಿ ತೋಟ ಇರುವವರು ಇದನ್ನು ನೆನಪಿಡಬೇಕು. ನಿಮ್ಮಲ್ಲಿ ಮನೆಯ ಒಳಗೆ ನೋಡಿದರೆ ಸಾಲದು.

ನಿಮ್ಮಲ್ಲಿರುವುದು ಯಾವ ಸೊಳ್ಳೆ?

ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮೊದಲು, ಸದ್ದಿಲ್ಲದೆ ಬಂದು ಮೊಣಕಾಲ ಕೆಳಗೆ, ಹಿಮ್ಮಡಿಯ ಹತ್ತಿರ ಕಚ್ಚಿ ಹೋಗುತ್ತಿದೆ ಅಂದರೆ ಅದು ಈಡಿಸ್. ಕಪ್ಪು ಮೈ, ಕಾಲಿನ ಮೇಲೆ ಬಳೆ ತೊಟ್ಟ ಹಾಗೆ ಬಿಳಿ ಪಟ್ಟೆ. ಅದರಲ್ಲಿ ಎರಡು ಜಾತಿ. ಬೆನ್ನಿನ ಎರಡು ಬದಿಗೂ ಆವರಣ ಚಿಹ್ನೆಯಂತೆ ಬಾಗಿದ ಬಿಳಿ ಗೆರೆ ಇದ್ದರೆ ಈಡಿಸ್ ಈಜಿಪ್ಟಿ. ಇದೇ ಮನೆಯ ಸೊಳ್ಳೆ. ಮಂಚದ ಕೆಳಗೆ, ಬೀರುವಿನ ಹಿಂದೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಿ ಕೂತಿರುತ್ತದೆ. ಬೆನ್ನಿನ ನಡುವೆ ಒಂದೇ ನೇರ ಬಿಳಿ ಗೆರೆ ಇದ್ದರೆ ಈಡಿಸ್ ಆಲ್ಬೊಪಿಕ್ಟಸ್, ನಾನು ಮೇಲೆ ಹೇಳಿದ ತೋಟದ ಸೊಳ್ಳೆ. ಈಜಿಪ್ಟಿಗೆ ಇನ್ನೊಂದು ಕೆಟ್ಟ ಅಭ್ಯಾಸವಿದೆ. ಒಬ್ಬರಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ನಾವು ಸ್ವಲ್ಪ ಅಲುಗಿದರೂ ಎದ್ದು ಪಕ್ಕದವರ ಮೇಲೆ ಕೂರುತ್ತದೆ. ಒಂದೇ ಸೊಳ್ಳೆಯಿಂದ ಮನೆಮಂದಿಗೆಲ್ಲ ಜ್ವರ ಬರುವುದು ಹೀಗೆ.

ರಾತ್ರಿ ಗುಂಯ್ ಅನ್ನುವ ಕಂದು ಸೊಳ್ಳೆ ಕ್ಯೂಲೆಕ್ಸ್. ಚರಂಡಿಯದ್ದು ಆನೆಕಾಲು ರೋಗ ಹರಡುತ್ತದೆ. ಗದ್ದೆಯದ್ದು ಬೇರೆ ಜಾತಿ, ಅದರ ವಿಷಯ ಆಮೇಲೆ ಹೇಳುತ್ತೇನೆ. ಗೋಡೆಯ ಮೇಲೆ ಹಿಂಬದಿ ಎತ್ತಿ ಓರೆಯಾಗಿ ಕೂರುವುದು ಅನಾಫಿಲಿಸ್, ಮಲೇರಿಯಾದ್ದು. ಮಲೇರಿಯಾ ವೈರಸ್ ಅಲ್ಲ, ಹಾಗಾಗಿ ಇಲ್ಲಿ ಬಿಡುತ್ತೇನೆ. ಮಲೆನಾಡಿನ ಮಂಗನ ಕಾಯಿಲೆ ವೈರಸ್ಸಿನದೇ, ಆದರೆ ಅದನ್ನು ತರುವುದು ಕಾಡಿನ ಉಣ್ಣೆ, ಸೊಳ್ಳೆಯಲ್ಲ.

ಹಾರುವ ಸೊಳ್ಳೆಯ ಬೆನ್ನು ನೋಡುವುದು ಕಷ್ಟ ಅಲ್ವಾ? ನೀರಿನಲ್ಲಿರುವಾಗ ನೋಡಿ. ತೊಟ್ಟಿಯ ಹತ್ತಿರ ನಿಧಾನಕ್ಕೆ ಹೋಗಿ. ನಿಮ್ಮ ನೆರಳು ಬಿದ್ದರೆ ಹುಳಗಳೆಲ್ಲ ತಳಕ್ಕೆ ಇಳಿದುಬಿಡುತ್ತವೆ. ಎಷ್ಟೋ ಮನೆಯಲ್ಲಿ "ನಮ್ಮಲ್ಲಿ ಹುಳ ಇಲ್ಲ" ಅನ್ನುವುದು ಅದಕ್ಕೇ. ಎರಡು ಮೂರು ನಿಮಿಷ ಅಲುಗಾಡದೆ ನಿಂತರೆ ಉಸಿರಿಗೆ ಮೇಲೆ ಬರಲೇಬೇಕು. ಆಗ ಟಾರ್ಚು ಓರೆಯಾಗಿ ಬಿಡಿ. ಅಂಚಿನಲ್ಲಿ ಸೌಟು ಅದ್ದಿ ಸರಕ್ಕನೆ ನೀರೆತ್ತಿ ಬಿಳಿ ತಟ್ಟೆಗೆ ಸುರಿಯಿರಿ. ನೀರಿನ ಮೇಲ್ಮೈಗೆ ಅಂಟಿದ ಹಾಗೆ ಅಡ್ಡ ಮಲಗಿದ್ದರೆ ಅನಾಫಿಲಿಸ್. ತಲೆಕೆಳಗಾಗಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಈಡಿಸ್ಸಿನ ಬಾಲದ ಉಸಿರುಗೊಳವೆ ಗಿಡ್ಡ, ದಪ್ಪ. ಅದು ಬಹುಮಟ್ಟಿಗೆ ನೆಟ್ಟಗೆ ನೇತಾಡುತ್ತದೆ, ಈಜುವಾಗ ಹಾವಿನಂತೆ ಬಳುಕುತ್ತದೆ. ಕ್ಯೂಲೆಕ್ಸಿನ ಕೊಳವೆ ಉದ್ದ, ಅದು ಓರೆಯಾಗಿ ನೇತಾಡುತ್ತದೆ. ಅಲ್ಪವಿರಾಮದಂತೆ ತಲೆ ದಪ್ಪ, ಬಾಲ ಬಾಗಿದ ಹುಳ ಕಂಡರೆ ಅದು ಕೋಶ. ಇನ್ನೆರಡು ದಿನದಲ್ಲಿ ಸೊಳ್ಳೆ ಹಾರುತ್ತದೆ, ತಡ ಮಾಡಬೇಡಿ.

ಅಜ್ಜಿಗೆ ನಂಬಿಕೆ ಬಂದದ್ದು ಒಂದು ಗಾಜಿನ ಲೋಟದಿಂದ. ಅವರ ತೊಟ್ಟಿಯದೇ ನೀರು, ಎಂಟು ಹುಳ ಇತ್ತು. ಲೋಟದ ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಅವರ ಕಿಟಕಿಯಲ್ಲೇ ಇಟ್ಟೆ. ನಾಲ್ಕನೇ ದಿನ ಅವರೇ ಕೂಗಿ ಕರೆದರು. ಲೋಟದೊಳಗೆ ಬಟ್ಟೆಗೆ ಅಂಟಿಕೊಂಡು ಮೂರು ಸೊಳ್ಳೆ, ಕಾಲು ತುಂಬ ಬಿಳಿ ಪಟ್ಟೆ. ನೀರಿನ ಮೇಲೆ ಅವು ಬಿಟ್ಟ ತೆಳು ಸಿಪ್ಪೆ ತೇಲುತ್ತಿತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ನನ್ನ ಮನ್ಯಾಗೆ ಹುಟ್ಟಿ ನನ್ನ ಮೊಮ್ಮಗಳಿಗೇ ಕಚ್ಚೋದಾ ಇದು" ಅಂದರು. ನೀವೂ ಇದನ್ನು ಮಾಡಿ, ಮಕ್ಕಳ ಕೈಯಲ್ಲೂ ಮಾಡಿಸಿ. ಆದರೆ ನೋಡಿದ ಮೇಲೆ ಬಟ್ಟೆ ಬಿಚ್ಚಬೇಡಿ. ಲೋಟವನ್ನು ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು, ಸೊಳ್ಳೆ ಸತ್ತ ಮೇಲೆ ಬಿಳಿ ಹಾಳೆಯ ಮೇಲೆ ಹಾಕಿ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ ಬೆನ್ನಿನ ಗೆರೆಯೂ ಕಾಣುತ್ತದೆ.

ಶುಕ್ರವಾರದ ಕೆಲಸ

ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ನೀರು ತುಂಬುವ ಎಲ್ಲವನ್ನೂ ಒಣಗಿಸಿದರೆ ಒಂದು ಸೊಳ್ಳೆಯೂ ಹೊರಗೆ ಬರಲಾರದು. ನಾವು ಶುಕ್ರವಾರ ಮಾಡುತ್ತೇವೆ, ಹೇಗೂ ಮನೆ ತೊಳೆಯುವ ದಿನ. ಯಾವ ವಾರವಾದರೂ ಸರಿ, ದಿನ ತಪ್ಪಬಾರದು ಅಷ್ಟೇ.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ನಾನೂ ಎಡವಿದ್ದೇನೆ. ನಮ್ಮ ಹಿತ್ತಲ ತೊಟ್ಟಿಯ ನೀರು ಚೆಲ್ಲಿ, ಹಾಗೇ ಹೊಸ ನೀರು ತುಂಬಿದ್ದೆ. ಮುಂದಿನ ವಾರ ಮತ್ತೆ ಹುಳ. ಯಾಕೆ ಅಂದರೆ ಈಡಿಸ್ ಮೊಟ್ಟೆಯನ್ನು ನೀರಿನ ಮೇಲೆ ಇಡುವುದಿಲ್ಲ, ನೀರಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಕಪ್ಪಗೆ, ಸಾಸಿವೆಗಿಂತ ಎಷ್ಟೋ ಸಣ್ಣ. ನೀರು ಚೆಲ್ಲಿದರೆ ಅದು ಹೋಗುವುದಿಲ್ಲ. ತೊಟ್ಟಿ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ಮುಟ್ಟಿದ ಕೂಡಲೇ ಒಡೆಯುತ್ತದೆ. ಬೇಸಿಗೆಯಲ್ಲಿ ಮೂಲೆಗೆ ಎಸೆದ ಡ್ರಮ್ಮಿಗೆ ಮುಂಗಾರು ಬಿದ್ದ ವಾರದಲ್ಲೇ ಹುಳ ತುಂಬುವುದು ಹೀಗೆ. ಇನ್ನೂ ಒಂದು ಮಾತು, ವೈರಸ್ ಇರುವ ತಾಯಿ ಸೊಳ್ಳೆಯಿಂದ ಕೆಲವು ಮೊಟ್ಟೆಗಳಿಗೂ ವೈರಸ್ ದಾಟುವುದುಂಟು.

ಆದ್ದರಿಂದ ಉಜ್ಜಿ. ತೆಂಗಿನ ನಾರು ಅಥವಾ ಬ್ರಷ್ಷಿನಿಂದ ಒಳಗೋಡೆಯನ್ನೆಲ್ಲ, ನೀರಿನ ಗೆರೆಯ ಮೇಲೆ ಕೆಳಗೆ ಎರಡೂ ಕಡೆ ತಿಕ್ಕಿ. ಸ್ವಲ್ಪ ಬ್ಲೀಚಿಂಗ್ ಪೌಡರ್ ಇದ್ದರೆ ಒಳ್ಳೆಯದು. ತೊಳೆದ ನೀರನ್ನು ಚರಂಡಿಗೆ ಬಿಡದೆ ಬಿಸಿಲಿರುವ ಒಣ ಮಣ್ಣಿಗೆ ಚೆಲ್ಲಿ. ಆಮೇಲೆ ಒಂದೆರಡು ಗಂಟೆ ಬೋರಲು ಹಾಕಿ ಒಣಗಿಸಿ.

ನಮ್ಮದು ನೀರಿಗೆ ಬರ ಇರುವ ಸೀಮೆ. ಬೇಸಿಗೆಯಲ್ಲಿ ನಲ್ಲಿ ಬರುವುದು ನಾಲ್ಕೈದು ದಿನಕ್ಕೊಮ್ಮೆ. ತುಂಬಿದ ತೊಟ್ಟಿ ತೋರಿಸಿ "ಚೆಲ್ಲಿ" ಅನ್ನಲು ನನಗೂ ಬಾಯಿ ಬರುವುದಿಲ್ಲ. ಅಂಥ ಮನೆಯಲ್ಲಿ ಹೀಗೆ ಮಾಡಿಸುತ್ತೇನೆ: ಹಳೇ ಕಾಟನ್ ಸೀರೆಯನ್ನು ಎರಡು ಮಡಿಕೆ ಮಾಡಿ, ನೀರನ್ನು ಸೋಸಿ ಕೊಡ, ಬಿಂದಿಗೆಗೆ ತುಂಬಿಕೊಳ್ಳುವುದು. ಬಟ್ಟೆಯಲ್ಲಿ ಉಳಿದ ಹುಳವನ್ನು ಬಿಸಿಲಿಗೆ ಝಾಡಿಸುವುದು. ತೊಟ್ಟಿ ಉಜ್ಜಿ ಒಣಗಿಸಿ ಅದೇ ನೀರನ್ನು ವಾಪಸ್ ಹಾಕುವುದು. ಅರ್ಧ ಗಂಟೆಯ ಕೆಲಸ, ಒಂದು ಕೊಡ ನೀರೂ ಹಾಳಾಗುವುದಿಲ್ಲ.

ಮುಚ್ಚಳ ಇದ್ದರೆ ಸಾಲದು, ಸಂದಿ ಇರಬಾರದು. ಡ್ರಮ್ಮಿಗೆ ತಗಡು ಮುಚ್ಚಿ ಮೇಲೊಂದು ಕಲ್ಲು ಇಟ್ಟಿರುತ್ತಾರೆ, ಪಕ್ಕದಲ್ಲಿ ಎರಡು ಬೆರಳು ಜಾಗ ಇರುತ್ತದೆ. ಸೊಳ್ಳೆಗೆ ಅದು ಬಾಗಿಲು. ಬಟ್ಟೆಯನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ, ಅದು ಜೋತುಬಿದ್ದು ನೀರಿಗೆ ತಾಗದ ಹಾಗೆ ನೋಡಿಕೊಳ್ಳಿ. ಮಾಳಿಗೆಯ ಟ್ಯಾಂಕಿನ ಗಾಳಿ ಕೊಳವೆಗೂ, ಸಂಪಿನ ಬಾಯಿಗೂ ಸಣ್ಣ ಜಾಲರಿ ಕಟ್ಟಿ.

ಡ್ರಮ್ಮು, ತೊಟ್ಟಿ ಎಲ್ಲರಿಗೂ ಕಾಣುತ್ತದೆ. ನನ್ನ ತಟ್ಟೆಗೆ ಹುಳ ಸಿಕ್ಕಿರುವ ಬೇರೆ ಜಾಗಗಳನ್ನು ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಹುಡುಕಿ. ಹಿತ್ತಲಲ್ಲಿ ಬಿಟ್ಟ ಹಳೇ ಒರಳುಕಲ್ಲಿನ ಗುಂಡಿ. ಫ್ರಿಜ್ಜಿನ ಹಿಂದೆ ಕೆಳಗಿರುವ ತಟ್ಟೆ, ಇದನ್ನು ಎಳೆದು ನೋಡಿದವರೇ ಕಡಿಮೆ. ಮನಿ ಪ್ಲಾಂಟ್ ಇಟ್ಟ ಬಾಟಲಿ. ಕೋಳಿಗೆ ನೀರಿಡುವ ಬಟ್ಟಲು. ತುಳಸಿ ಕಟ್ಟೆಯ ಪಕ್ಕದ ಹೂಕುಂಡದ ಕೆಳಗಿನ ತಟ್ಟೆ. ಸೌದೆ ಮೇಲೆ ಮುಚ್ಚಿದ ಟಾರ್ಪಾಲಿನ ತಗ್ಗು. ಎಳನೀರು ಬುರುಡೆ, ತೆಂಗಿನ ಚಿಪ್ಪು. ಬಳಸದೇ ಬಿಟ್ಟ ಪಾಯಿಖಾನೆಯ ಬೇಸಿನ್. ಟೈರು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು, ಹೇಗೆ ತಿರುಗಿಸಿದರೂ ಒಳಗೆ ನೀರು ಉಳಿಯುತ್ತದೆ. ತೂತು ಕೊರೆಯಿರಿ, ಇಲ್ಲ ಸೂರಿನ ಕೆಳಗೆ ಎತ್ತಿಡಿ. ದನದ ಕಲಗಚ್ಚಿನ ಬಾನಿ ಚಿಂತೆಯಿಲ್ಲ, ದಿನಾ ಖಾಲಿಯಾಗುತ್ತದೆ. ದನ ಮಾರಿದ ಮೇಲೆ ಹಾಗೇ ಬಿಟ್ಟ ಬಾನಿಯೇ ಅಪಾಯ.

ಖಾಲಿ ಮಾಡಲು ಆಗದ ದೊಡ್ಡ ತೊಟ್ಟಿಗೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಬಹುದು, ಆರೋಗ್ಯ ಇಲಾಖೆಯವರನ್ನು ಕೇಳಿದರೆ ಕೊಡುತ್ತಾರೆ. ಕೆರೆ, ಹಳ್ಳಕ್ಕೆ ಮಾತ್ರ ಬಿಡಬೇಡಿ, ಅಲ್ಲಿನ ನಾಡ ಮೀನಿಗೆ ಕಷ್ಟವಾಗುತ್ತದೆ. ಲಾರ್ವಾ ಕೊಲ್ಲುವ ಟೆಮಿಫಾಸ್ ದ್ರಾವಣವನ್ನು ನೀವೇ ತಂದು ಅಂದಾಜಿನಲ್ಲಿ ಹಾಕಬೇಡಿ, ಅಳತೆ ತಿಳಿದವರೇ ಹಾಕಲಿ.

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅಂತ 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನಲ್ಲಿ ದಂಡಿನ ವೈದ್ಯರಾಗಿದ್ದರು. ನೀರು ಸಿಗದ ಹಾಗೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಅನ್ನುವುದನ್ನು ಅವರು ಆಗಲೇ, ನಮ್ಮ ಬೆಂಗಳೂರಿನಲ್ಲೇ, ಗಮನಿಸಿದ್ದರು. ತರಬೇತಿಯ ನಂತರ ಓದಿ ತಿಳಿದ ಈ ವಿಷಯ ನನಗೆ ಬಹಳ ಇಷ್ಟ.

ಮನೆಯಲ್ಲಿ ಜ್ವರ ಬಂದಾಗ

ಇದು ಜನ ಮಾಡದೇ ಬಿಡುವ ಕೆಲಸ. ಜ್ವರ ಬಂದವರನ್ನು ಹಗಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಡೆಂಗಿಯಲ್ಲಿ ಜ್ವರ ಬರುವ ಒಂದೆರಡು ದಿನ ಮೊದಲಿನಿಂದ, ಬಂದ ಮೇಲೆ ಸುಮಾರು ಒಂದು ವಾರ ಅವರ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಕಚ್ಚಿದ ಸೊಳ್ಳೆಯೇ ಹತ್ತು ದಿನದ ಮೇಲೆ ಬೀದಿಗೆ ಹಂಚುವುದು.

ನಮ್ಮ ಅಣ್ಣನ ಮಗ ಬೆಂಗಳೂರಿನಿಂದ ಜ್ವರ ಹೊತ್ತುಕೊಂಡೇ ಬಸ್ಸಿಳಿದ. ಜಗಲಿಯ ಮೇಲೆ ತಂಪಾಗಿರುತ್ತದೆ ಅಂತ ಅಲ್ಲೇ ಮಲಗಿಸಿದರು. ನಾನು ಬೇರೆ ಊರಿನ ಸಭೆಗೆ ಹೋಗಿದ್ದೆ. ಹದಿನೆಂಟನೇ ದಿನ ಪಕ್ಕದ ಮನೆಯ ಹುಡುಗಿಗೆ ಜ್ವರ, ಇಪ್ಪತ್ತನೇ ದಿನ ಅವಳ ಅಮ್ಮನಿಗೆ. ಲೆಕ್ಕ ಹಾಕಿ ನೋಡಿ. ಸೊಳ್ಳೆಯೊಳಗೆ 8ರಿಂದ 12 ದಿನ, ಕಚ್ಚಿದ ಮೇಲೆ ನಮ್ಮ ಮೈಯಲ್ಲಿ 4ರಿಂದ 10 ದಿನ. ಎರಡು ಮೂರು ವಾರದ ಮೇಲೆ ಬರುವ ಜ್ವರಕ್ಕೆ ಕಾರಣ ಅಂದಿನ ಜಗಲಿ ಅಂತ ಯಾರಿಗೂ ಹೊಳೆಯುವುದಿಲ್ಲ. ಈಗ ನಮ್ಮ ಬೀದಿಯಲ್ಲಿ ಬೇರೆ ಊರಿಂದ ಯಾರಾದರೂ ಜ್ವರದಲ್ಲಿ ಬಂದರೆ ಮೊದಲು ಪರದೆ ಕಟ್ಟುತ್ತಾರೆ, ಆಮೇಲೆ ಕಾಫಿ ಕೊಡುತ್ತಾರೆ. ಈ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ, ಸುತ್ತಲಿನ ನಾಲ್ಕಾರು ಮನೆಯಲ್ಲೇ ಸುತ್ತುತ್ತದೆ. ಹಾಗಾಗಿ ಒಂದು ಮನೆಯಲ್ಲಿ ಜ್ವರ ಬಂದರೆ ಅಕ್ಕಪಕ್ಕದವರೆಲ್ಲ ಅಂದೇ ತೊಟ್ಟಿ ನೋಡಬೇಕು, ಶುಕ್ರವಾರಕ್ಕೆ ಕಾಯಬಾರದು.

ಅದೇ ಹುಡುಗನಿಗೆ ಒಂದು ಔಷಧಿ ಅಂಗಡಿಯವರು ಮೈಕೈ ನೋವಿಗೆ ಅಂತ ಬೇರೆ ಮಾತ್ರೆ ಕೊಟ್ಟಿದ್ದರು. ಅದು ಐಬುಪ್ರೊಫೇನ್. ಡೆಂಗಿ ಇರಬಹುದು ಅನ್ನುವ ಅನುಮಾನ ಇರುವಾಗ ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಕೊಡಬಾರದು, ರಕ್ತಸ್ರಾವ ಜಾಸ್ತಿಯಾಗಬಹುದು. ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದ ಅಳತೆಯಲ್ಲಿ. ಡೆಂಗಿ ಇದೆಯೇ ಅಂತ ತಿಳಿಯಲು ರಕ್ತ ಕೊಟ್ಟು, ಮೊದಲ ಐದು ದಿನದಲ್ಲಿ ಎನ್‌ಎಸ್‌1 ಪರೀಕ್ಷೆ, ಐದು ದಿನ ದಾಟಿದ ಮೇಲೆ ಐಜಿಎಂ ಪರೀಕ್ಷೆ. ಓಆರ್‌ಎಸ್, ಎಳನೀರು, ಗಂಜಿ, ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಜ್ವರ ಇಳಿದ ದಿನ ಮನೆಯವರೆಲ್ಲ ಉಸಿರು ಬಿಡುತ್ತಾರೆ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಆಗ. ಇಳಿದ ಮೇಲಿನ ಒಂದೆರಡು ದಿನ ಕಣ್ಣಿಟ್ಟು ನೋಡಿ. ಹೊಟ್ಟೆ ನೋವು, ಬಿಡದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಪರು, ಆರು ತಾಸು ಕಳೆದರೂ ಮೂತ್ರ ಹೋಗದಿರುವುದು, ಇದರಲ್ಲಿ ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಹೊರಡಿ. ಪಪ್ಪಾಯಿ ಎಲೆ ರಸ ಕುಡಿಸಿದ್ದೇವೆ, ಬೆಳಗ್ಗೆ ನೋಡೋಣ ಅಂತ ಕಾಯಬೇಡಿ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಸಲ ಬಂದವರಿಗೆ ಇನ್ನೊಂದು ಬಗೆ ಬಂದರೆ ಎರಡನೇ ಸಲ ಜೋರಾಗುವ ಸಂಭವ ಜಾಸ್ತಿ. "ಒಂದು ಸಲ ಬಂದು ಹೋಗಿದೆ, ಇನ್ನು ಬರಲ್ಲ" ಅನ್ನುವ ಧೈರ್ಯ ಬೇಡ.

ಗದ್ದೆಯ ಊರಿನವರಿಗೆ

ನನ್ನ ತವರು ಮಲೇಬೆನ್ನೂರು ಕಡೆ, ಭದ್ರಾ ನಾಲೆಯ ಭತ್ತದ ಸೀಮೆ. ಅಲ್ಲಿನ ಲೆಕ್ಕ ಬೇರೆ. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಪಾನೀಸ್ ಮಿದುಳು ಜ್ವರ ಹರಡಬಲ್ಲದು. ಆ ವೈರಸ್ ಬೆಳೆಯುವುದು ಹಂದಿ ಮತ್ತು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ. ಮನುಷ್ಯರ ರಕ್ತದಲ್ಲಿ ಅದು ಸೊಳ್ಳೆಗೆ ಸಾಕಾಗುವಷ್ಟು ಇರುವುದಿಲ್ಲ, ಹಾಗಾಗಿ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ. ಗದ್ದೆಯನ್ನು ವಾರಕ್ಕೊಮ್ಮೆ ಒಣಗಿಸಿ ಅನ್ನಲು ಆಗುತ್ತಾ? ಇಲ್ಲಿ ದಾರಿ ಲಸಿಕೆ. ಡೆಂಗಿ, ಚಿಕುನ್‌ಗುನ್ಯಾಕ್ಕೆ ಮಕ್ಕಳ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಏನೂ ಇಲ್ಲ, ಇದಕ್ಕೆ ಇದೆ. ಲಸಿಕೆ ನಡೆಯುವ ಜಿಲ್ಲೆಗಳಲ್ಲಿ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡು ತೆಗೆದು ನೋಡಿ, ಎರಡನೆಯದು ತಪ್ಪಿಸಿಕೊಂಡವರೇ ಜಾಸ್ತಿ. ಸಂಜೆ ಮೇಲೆ ಮಕ್ಕಳಿಗೆ ತುಂಬು ತೋಳು, ರಾತ್ರಿ ಪರದೆ, ಹಂದಿ ಗೂಡು ಮನೆಯಿಂದ ದೂರ.

ಫಾಗಿಂಗ್, ದಂಡ, ಇತ್ಯಾದಿ

ಹೊಗೆ ಗಾಡಿ ಬಂದರೆ ಊರಿಗೆ ಸಮಾಧಾನ. ಆ ಹೊಗೆ ಆ ಹೊತ್ತಿಗೆ ಹಾರಾಡುವ ಸೊಳ್ಳೆಗೆ ಮಾತ್ರ. ಬೀರುವಿನ ಹಿಂದೆ ಕೂತದ್ದಕ್ಕೆ, ತೊಟ್ಟಿಯ ಹುಳಕ್ಕೆ, ಗೋಡೆಯ ಮೊಟ್ಟೆಗೆ ಅದು ತಾಗುವುದಿಲ್ಲ. ಹೊಡೆಯುವಾಗ ಬಾಗಿಲು ಮುಚ್ಚಿಕೊಂಡರಂತೂ ಉಪಯೋಗವೇ ಇಲ್ಲ. ಜ್ವರ ಹಬ್ಬಿರುವಾಗ ವೈರಸ್ ತುಂಬಿದ ಮುದಿ ಸೊಳ್ಳೆ ಸಾಯಲಿ ಅಂತ ಬೇಕು, ಬಾಕಿ ದಿನ ಅದನ್ನೇ ನಂಬಬೇಡಿ.

2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡದ ನಿಯಮ ತಂದಿತು. ಮನೆಯಲ್ಲಿ ಲಾರ್ವಾ ಸಿಕ್ಕರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಕಟ್ಟಡ ಕಟ್ಟುವ ಜಾಗ, ಖಾಲಿ ನಿವೇಶನಕ್ಕೆ 2,000 ಮತ್ತು 1,000. ಪಕ್ಕದ ಸೈಟಿನಲ್ಲಿ ನೀರು ನಿಂತು ಮಾಲೀಕರು ಕೇಳದಿದ್ದರೆ ಪಂಚಾಯಿತಿಗೆ ಬರೆದುಕೊಡಿ. ನೀವು ದೂರು ಕೊಡಲು ಹಿಂಜರಿದರೆ ನಿಮ್ಮ ಬೀದಿಯ ಆಶಾಗೆ ಹೇಳಿ, ನಾವು ಬರೆಯುತ್ತೇವೆ.

ಸೊಳ್ಳೆಯ ಶಕ್ತಿಯನ್ನೇ ಕುಗ್ಗಿಸುವ ಪ್ರಯತ್ನವೂ ನಡೆದಿದೆ. ಈಡಿಸ್ಸಿನ ಮೈಯೊಳಗೆ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಸೇರಿಸಿದರೆ ಡೆಂಗಿ ವೈರಸ್ ಅಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಅಂಥ ಸೊಳ್ಳೆ ಬಿಟ್ಟ ಬಡಾವಣೆಗಳಲ್ಲಿ ಡೆಂಗಿ 77 ಶೇಕಡಾ ಕಡಿಮೆಯಾಯಿತು. ನಮ್ಮ ದೇಶದಲ್ಲೂ ಪುದುಚೇರಿಯ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) ಕೇಂದ್ರ 2022ರಲ್ಲಿ ಅಂಥ ಸೊಳ್ಳೆ ತಳಿ ತಯಾರಿಸಿತು. ಅದು ನಮ್ಮ ಬೀದಿಗೆ ಬರುವವರೆಗೆ ನಾರು, ಬ್ರಷ್ಷೇ ಗತಿ.

ಕೊನೆಗೆ ಬೀಗ ಹಾಕಿ ಊರಿಗೆ ಹೋಗುವವರಿಗೆ. ಜಾತ್ರೆ, ಬೇಸಿಗೆ ರಜೆ, ಮದುವೆ ಅಂತ ಹತ್ತು ದಿನ ಮನೆ ಬಿಟ್ಟು ಬಂದವರಿಗೆ ವಾಪಸಾದ ವಾರದಲ್ಲೇ ಜ್ವರ ಬರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಹೊರಡುವ ದಿನ ಡ್ರಮ್ಮು, ಬಕೆಟ್ಟು ಎಲ್ಲ ಖಾಲಿ ಮಾಡಿ ಬೋರಲು ಹಾಕಿ. ಪಾಯಿಖಾನೆಯ ಬೇಸಿನ್ನಿಗೆ ಪ್ಲಾಸ್ಟಿಕ್ ಕವರ್ ಹಾಸಿ ಮುಚ್ಚಿ. ಫ್ರಿಜ್ ತಟ್ಟೆ ಒರೆಸಿ. ವಾಪಸ್ ಬಂದಾಗ ಮಕ್ಕಳನ್ನು ಒಳಗೆ ಬಿಡುವ ಮೊದಲು ಕಿಟಕಿ ತೆರೆದು, ನೇತುಹಾಕಿದ ಬಟ್ಟೆ ಝಾಡಿಸಿ, ಮಂಚದ ಕೆಳಗೆ ಪೊರಕೆ ಆಡಿಸಿ. ಸೊಳ್ಳೆ ಹೊರಗೆ ಹೋಗಲು ಅರ್ಧ ಗಂಟೆ ಬಿಟ್ಟು, ಆಮೇಲೆ ಒಳಗೆ ಬಂದು ಒಲೆ ಹಚ್ಚಿ.